ಹಸಿ ಗೋಡೆ

ಸುಣ್ಣ ಅರಳುವಾಗ ಏಳುವ ಬಿಸಿ ಬಿಸಿ ವಾಸನೆ ಮೂಗಿಗೆ ಬಡಿದರೆ, ಚಿಕ್ಕಂದಿನಲ್ಲಿ ಶಾಮಲಾಗೆ ಹಬ್ಬ ಬಂತೆಂದೇ ಲೆಕ್ಕ. ಮೈಸೂರಿನ ಮನೆಯ ಹಿತ್ತಲಲ್ಲಿ ಅಪ್ಪ ಪೀಪಾಯಿಗೆ ನೀರು ಸುರಿದು, "ದೂರ ನಿಲ್ಲು ಮಗೂ" ಎನ್ನುತ್ತಿದ್ದರು. ಊರಲ್ಲಿ ರಜೆ ಮುಗಿಸಿ ಬಂದ ಆ ಬೆಳಗ್ಗೆ, ವಿಶ್ವವಿದ್ಯಾಲಯದ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಅದೇ ವಾಸನೆ ಬಂದಾಗ ಅವಳು ಗಕ್ಕನೆ ನಿಂತಳು. ಇಲ್ಲಿ ಸುಣ್ಣದ ಕೆಲಸವೆಲ್ಲ ಮುಗಿದು ತಿಂಗಳಾಗಿತ್ತಲ್ಲ!

ಮೊಗಸಾಲೆಯ ಕೊನೆಯಲ್ಲಿ ಹೆಂಗಸರ ಶೌಚಾಲಯದ ಬಾಗಿಲಿರಬೇಕಿತ್ತು. ಅಲ್ಲಿ ಬಿಳಿ ಗೋಡೆ ನಿಂತಿತ್ತು. ಮುಟ್ಟಿದರೆ ಕೈಗೆ ತಣ್ಣಗೆ ಅಂಟಿತು.

ಕ್ಯಾಂಪಸ್ಸಿನ ಆರ್ಕಿಟೆಕ್ಟ್ ಆಗಿ ಅವಳು ಈ ಕಟ್ಟಡದ ನಕ್ಷೆ ಬರೆಯುವಾಗ, ದೂರದ ಉಪನಗರ ಮುಲುಂಡಿನಿಂದ ದಿನಾ ರೈಲಿನಲ್ಲಿ ಬರುವ ರಸಾಯನಶಾಸ್ತ್ರದ ಪಂಕಜಾ ಕೇಳಿಕೊಂಡಿದ್ದು ಒಂದೇ: "ಏನು ಬಿಟ್ಟರೂ ಇದೊಂದು ಬಿಡಬೇಡ ಶಾಮಲಾ. ಮನೆ ಬಿಟ್ಟ ಮೇಲೆ ನಾನು ನೀರೇ ಕುಡಿಯಲ್ಲ ಕಣೆ."

ಕಟ್ಟಡ ಸಮಿತಿಯ ಅಧ್ಯಕ್ಷರಾದ ಡೀನ್ ವೆಂಕಟಸುಬ್ಬಯ್ಯನವರು ಪಕ್ಕದ ಕೋಣೆಯಲ್ಲೇ ಇದ್ದರು. ಅವರ ಕೋಣೆಗೆ ಹೊಸದೊಂದು ಬಾಗಿಲು ಬಂದಿತ್ತು, ಶೌಚಾಲಯದ ಒಳಕ್ಕೆ.

"ಬಾಮ್ಮಾ! ನಮ್ಮ ಮೈಸೂರಲ್ಲಿ ಮಳೆ ಹೇಗಿದೆ? ನಾಳೆ ಉದ್ಘಾಟನೆ. ಇಲ್ಲೊಂದು ಸಹಿ ಹಾಕಿಬಿಡು."

"ನಕ್ಷೆಯ ಪ್ರಕಾರ ಕಟ್ಟಿದೆ ಅಂತ ಬರೆದಿದೆ ಸರ್. ಕಟ್ಟಿಲ್ಲ."

"ಓ, ಅದಾ? ವಿಸಿಟರ್ಸ್ ಬರ್ತಾರೆ, ನನಗೊಂದು ಬೇಕಿತ್ತು. ಹೆಂಗಸರು ಹಳೇ ಬಿಲ್ಡಿಂಗಿಗೆ ಹೋಗಲಿ."

"ಮಳೆ ಬಂದರೆ ನಡುವಿನ ಮೈದಾನದಲ್ಲಿ ಮೊಣಕಾಲುದ್ದ ನೀರು ನಿಲ್ಲತ್ತೆ."

"ನಮ್ಮ ಕಾಲದ ಹೆಂಗಸರು ಇದಕ್ಕೆಲ್ಲ ಇಷ್ಟು ರಂಪ ಮಾಡ್ತಿರಲಿಲ್ಲಪ್ಪ," ಎಂದು ನಕ್ಕರು.

"ಅವರು ಹೊಟ್ಟೆ ಹಿಡ್ಕೊಂಡು ಕೂತಿರ್ತಿದ್ದರು ಸರ್. ನೀವು ನೋಡಲಿಲ್ಲ, ಅಷ್ಟೆ."

ನಗು ಇಳಿಯಿತು. "ಸಹಿ ಹಾಕು."

ಅವಳು ಸಹಿ ಹಾಕದೆ ಹೊರಗೆ ಬಂದಳು. ಕಿವಿ ಕಾದಿತ್ತು. ಮೆಟ್ಟಿಲ ಬಳಿ ಮೇಸ್ತ್ರಿ ಶೆಟ್ಟೆಪ್ಪ ಸಾಮಾನು ಕಟ್ಟುತ್ತಿದ್ದ.

"ಈ ಗೋಡೆ ಒಡಿ ಶೆಟ್ಟೆಪ್ಪ."

"ನಾ ಒಡದ್ರ ನಾಳಿಂದ ಬರಬ್ಯಾಡ ಅಂತಾನ್ರಿ ಕಂತ್ರಾಟದಾರ."

"ಹಾಗಾದರೆ ಸುತ್ತಿಗೆ ಕೊಡು."

ಅವನು ಸಾಮಾನಿನಿಂದ ಸುತ್ತಿಗೆ ತೆಗೆದ. ತಲೆಯ ಟವೆಲು ಬಿಚ್ಚಿ ಹಿಡಿಕೆಗೆ ಬಿಗಿಯಾಗಿ ಸುತ್ತಿದ. "ಅಂಗೈಗೆ ಬೊಬ್ಬಿ ಬರ್ತಾವ್ರಿ," ಎಂದು ಕೈಗಿತ್ತ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಡೆದಳು. ಮೊದಲ ಏಟಿಗೆ ಗಾರೆ ಉದುರಿತು. ನಿನ್ನೆ ಕಟ್ಟಿದ ಇಟ್ಟಿಗೆ, ಇನ್ನೂ ಹಿಡಿತ ಬಂದಿರಲಿಲ್ಲ. ಮೀಟಿಂಗುಗಳಲ್ಲಿ ನುಂಗಿಕೊಂಡ ಮಾತುಗಳೆಲ್ಲ ತೋಳಿಗಿಳಿದಂತೆ ಹೊಡೆದಳು. ಒಂದು ಇಟ್ಟಿಗೆ ಒಳಕ್ಕೆ ಬಿತ್ತು, ಹಿಂದೆಯೇ ನಾಲ್ಕು.

ಡೀನ್ ಓಡಿಬಂದರು. "ಹುಚ್ಚು ಹಿಡಿದಿದೆಯೇನು? ಕುಲಪತಿಗಳಿಗೆ ಹೇಳ್ತೀನಿ! ನಿನ್ನ ಕೆಲಸ ಹೋಗತ್ತೆ!"

"ಹೇಳಿ ಸರ್. ಹೆಂಗಸರ ಬಾಗಿಲು ಮುಚ್ಚಿ ನಿಮಗೆ ಕಕ್ಕಸು ಮಾಡಿಕೊಂಡಿರಿ ಅಂತ ಅದೂ ಸೇರಿಸಿ ಹೇಳಿ. ನೀವು ಹೇಳದಿದ್ದರೆ ನಾಳೆ ವೇದಿಕೆಯಲ್ಲಿ ನಾನೇ ಹೇಳ್ತೀನಿ."

ಟೈಪಿಸ್ಟ್ ಹುಡುಗಿಯರು ಕೆಲಸ ಬಿಟ್ಟು ಬಂದು ಸಾಲಾಗಿ ನಿಂತಿದ್ದರು. ಡೀನ್ ಅವರನ್ನೂ ಗೋಡೆಯ ತೂತನ್ನೂ ನೋಡಿ ಕೆಳಗಿಳಿದು ಹೋದರು.

ಬಾಗಿಲ ಚೌಕಟ್ಟು ಪೂರ್ತಿ ಬಯಲಾಗುವಾಗ ಮಧ್ಯಾಹ್ನ ಕಳೆದಿತ್ತು. ಕುಲಪತಿಗಳಿಂದ ಯಾವ ಕರೆಯೂ ಇನ್ನೂ ಬಂದಿರಲಿಲ್ಲ. ಶಾಮಲಾ ಇಟ್ಟಿಗೆ ರಾಶಿಯ ಮೇಲೆ ಕುಸಿದಳು. ಸಿಟ್ಟು ಇಳಿದಿರಲಿಲ್ಲ.

ಗಾರೆ ಹೊರುವ ರುದ್ರವ್ವ ಬಂದು ಪಕ್ಕದಲ್ಲಿ ಕೂತಳು. ತನ್ನ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವಳ ಕೈಯಲ್ಲಿಟ್ಟಳು.