ಟೊಮೆಟೊ ಗಿಡ ಹೊದ್ದ ಕಂಬಳಿ

ಮದುವೆಯಲ್ಲಿ ಮಾವ ಕೊಟ್ಟ ಕರಿ ಕಂಬಳಿ ಅರವತ್ತೆರಡರ ಚಳಿಗಾಲದಲ್ಲಿ ನನ್ನ ಮೈಮೇಲಿರಲಿಲ್ಲ. ಹಿತ್ತಲಿನ ಟೊಮೆಟೊ ಗಿಡಗಳ ಮೇಲಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನಗೆ ಕೆಲಸ. ಅವರು ಕೊಟ್ಟ ಮನೆಯ ಹಿಂದೆ ಅಂಗೈಯಗಲ ಹಿತ್ತಲು. ದೀಪಾವಳಿ ಕಳೆದು ಮಂಜು ಬೀಳತೊಡಗಿದರೆ ಅಲ್ಲಿ ಟೊಮೆಟೊ ಗಿಡ ಮುರುಟಿಹೋಗುತ್ತಿತ್ತು. ಆ ವರ್ಷ ಮಾತ್ರ ನನ್ನ ಹೆಂಡತಿ ಶಿವವ್ವ ಸೋಲಲು ತಯಾರಿರಲಿಲ್ಲ. ಮಗಳು ಯಲ್ಲವ್ವ ಚೊಚ್ಚಲ ಬಸುರಿ, ಪಾಳಾ ಊರಿನ ಗಂಡನ ಮನೆಯಿಂದ ಹೆರಿಗೆಗೆ ಬರುವವಳಿದ್ದಳು. ಬಿದಿರಿನ ಲಾರಿ ಓಡಿಸುವ ಹುಸೇನಸಾಬ ಆ ಕಡೆ ಹೋದಾಗ ಅವಳ ಮಾತು ಹೊತ್ತು ತಂದಿದ್ದ.

"ಅವ್ವನ ಕೈಯಾಗಿನ ಟಮಾಟಿ ಚಟ್ನಿ ಭಾಳ ನೆನಸ್ಯಾಳ್ರಿ ನಿಮ್ಮ ಮಗಳು."

ಬಸುರಿಯ ಬಯಕೆ ತೀರಿಸದ ತವರು ತವರೇ ಅಲ್ಲ ಎಂಬುದು ಶಿವವ್ವನ ಕಾನೂನು.

ಗಿಡದಲ್ಲಿ ಕಾಯಿಯೇನೋ ತುಂಬಿದ್ದವು, ಚಳಿಗೆ ಹಣ್ಣಾಗಲು ಒಲ್ಲೆ ಎನ್ನುತ್ತಿದ್ದವು. ಪುಣ್ಯಕ್ಕೆ ಅವನ್ನು ಬಚ್ಚಲ ಗೋಡೆಗೆ ತಾಗಿಸಿ ನೆಟ್ಟಿದ್ದಳು. ಒಳಗೆ ಹಂಡೆಯ ಒಲೆ ಉರಿದರೆ ಹೊರಗೆ ಗೋಡೆ ಬೆಚ್ಚಗಾಗುತ್ತಿತ್ತು. ಹೀಗಾಗಿ ಸಂಜೆಗೂ ನನಗೊಂದು ಸ್ನಾನ ಕಡ್ಡಾಯವಾಯಿತು. ಬಿದಿರು ಸೀಳಿ, ಬಗ್ಗಿಸಿ, ಗಿಡಗಳ ಮೇಲೆ ಕಮಾನು ಊರಿದವನೂ ನಾನೇ. ಕತ್ತಲಾಗುವ ಮುಂಚೆ ಅದರ ಮೇಲೆ ಕಂಬಳಿ ಬೀಳುತ್ತಿತ್ತು, ಬಿಸಿಲು ಬಂದ ಮೇಲೆ ತೆಗೆಯುತ್ತಿದ್ದಳು.

"ನಾ ಏನ ಹೊತಗೊಳ್ಳಲಿ?" ಎಂದೆ.

"ಕೌದಿ ಐತೆಲ್ಲರೀ. ಕಂಬಳಿ ಕೊಟ್ಟಾಂವ ನಮ್ಮಪ್ಪ."

ಕೌದಿ ಎಳೆದರೆ ಕಾಲು ಹೊರಗೆ, ಬಿಟ್ಟರೆ ಕಿವಿ ಹೊರಗೆ. ಪಕ್ಕದ ಗೋದುಬಾಯಿ ಪಲ್ಯಕ್ಕೆ ನಾಲ್ಕು ಕಾಯಿ ಕೇಳಿದರೂ ಶಿವವ್ವ ಕೊಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಂತೂ ಐದಾರು ಕೆಂಪಾದವು. ಅವಳು ಹಿಗ್ಗಿದ್ದು ಕಂಡು ನನಗೂ ಖುಷಿಯಾಯಿತು, ಚಳಿಯೇನೂ ಕಡಿಮೆಯಾಗಲಿಲ್ಲ.

ಯಲ್ಲವ್ವ ಬಂದಳು. ಶಿವವ್ವ ಹಣ್ಣುಗಳನ್ನು ತಾಟಿನಲ್ಲಿಟ್ಟು ತಂದರೆ, ಇವಳು ಸೀದಾ ಹಿತ್ತಲಿಗೆ ನಡೆದು ಹಸಿ ಕಾಯಿಯೊಂದನ್ನು ಕಿತ್ತು ಮೂಸಿದಳು.

"ನಾ ನೆನಸಿದ್ದು ಇದನ್ನ, ಅವ್ವಾ! ಹಸಿ ಕಾಯಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಕುಟ್ಟತಿದ್ದೆಲ್ಲ, ಆ ಚಟ್ನಿ."

ಶಿವವ್ವ ತಾಟು ಹಿಡಿದು ಹಾಗೇ ನಿಂತಳು. ನನಗೆ ನಗು ತಡೆಯಲಿಲ್ಲ.

"ಹಂಗಾರ ನಾ ಯಾಕ ನಡುಗಿದೆ? ಚಳಿಗೆ ಬಿಟ್ಟಿದ್ದರ ಕಾಯಿ ಕಾಯಾಗೇ ಇರತಿದ್ವು!"

"ಬಿಟ್ಟಿದ್ದರ ಗಿಡಾನ ಸಾಯತಿತ್ತು. ಕಾಯಿ ನಿಮ್ಮ ತಲಿಮ್ಯಾಲ ಬಿಡತಿತ್ತೇನು?" ಎಂದು ಅವಳೂ ನಕ್ಕಳು.

ಕುಟ್ಟಿದ ಚಟ್ನಿಯೊಂದಿಗೆ ಮಗಳು ರೊಟ್ಟಿಯ ಮೇಲೆ ರೊಟ್ಟಿ ಉಂಡಳು. ಅವಳು ಬೆರಳು ನೆಕ್ಕುವುದನ್ನು ನೋಡಿಯೇ ನಮ್ಮಿಬ್ಬರ ಹೊಟ್ಟೆ ತುಂಬಿತು.

ಸಂಜೆ, ಬಯಕೆ ತೀರಿತಲ್ಲ ಎಂದು ನಾನು ಹಗ್ಗದ ಮೇಲಿನ ಕಂಬಳಿ ಎಳೆದುಕೊಂಡು ಒಳಗೆ ಹೊರಟೆ. ಯಲ್ಲವ್ವ ಹೊಸ್ತಿಲಲ್ಲಿ ಕೂತಿದ್ದಳು.

"ಅಪ್ಪಾ, ಇನ್ನೂ ಕಾಯಿ ಅದಾವಲ್ಲ. ನಾಳಿಗೂ ಬೇಕು."

ತಿರುಗಿ ಹೋಗಿ ಗಿಡಗಳಿಗೆ ಕಂಬಳಿ ಹೊದಿಸಿ, ಗಾಳಿ ಹೋಗದಂತೆ ಅಂಚಿಗೆ ಕಲ್ಲಿಟ್ಟು ಬಂದೆ. ಆಮೇಲೆ, ಯಾರೂ ಹೇಳದಿದ್ದರೂ, ಸ್ನಾನಕ್ಕೆಂದು ಹಂಡೆಯ ಒಲೆ ಹಚ್ಚಿದೆ.