ಹದಿನೇಳನೇ ಜೋಡಿ

ಭಾಗ್ಯಜ್ಯೋತಿಗೆ ಮಳೆಯ ಮೇಲೆ ಸಿಟ್ಟಿರಲಿಲ್ಲ. ಅದು ತನ್ನ ಪಾಡಿಗೆ ತಾನು ಎಲ್ಲರ ತಲೆಯ ಮೇಲೂ ಒಂದೇ ಸಮ ಸುರಿಯುತ್ತಿತ್ತು. ಅವಳ ಸಿಟ್ಟೆಲ್ಲ ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಸಮನ್ವಿತಾಳ ಮೇಲೆ. ಬೆಟ್ಟ ಹತ್ತುವ ಸ್ಪರ್ಧೆಗೆ ಬರುವಾಗ ಯಾರಾದರೂ ಹ್ಯಾಂಡಲಿಗೆ ಸೇವಂತಿಗೆ ಹಾರ ಸುತ್ತಿಕೊಂಡು ಬರುತ್ತಾರೆಯೇ?

"ಅಮ್ಮ ಹಾಕಿದ್ದು ಅಕ್ಕ. ತೆಗೆದ್ರೆ ಬೇಜಾರ್ ಮಾಡ್ಕೋತಾರೆ."

"ಚಕ್ರಕ್ಕ ಸಿಕ್ಕು ಬಿದ್ರ ಯಾರು ಬ್ಯಾಸರಾ ಮಾಡ್ಕೊಳ್ಳೋದು? ತೆಗಿ ಮೊದಲ."

ಸಮನ್ವಿತಾ ಹಾರ ತೆಗೆದು, ಎಸೆಯಲು ಮನಸ್ಸಾಗದೆ, ಬೆನ್ನ ಚೀಲದಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. ಉಳಿದ ಜೋಡಿಗಳು ಜರಗನಹಳ್ಳಿಯ ಖಾಲಿ ಮೈದಾನದಿಂದ ಕೆಸರು ಹಾರಿಸುತ್ತ ಹೊರಟೇಹೋದವು.

ಅದು ೨೦೦೬ರ ದಸರೆ ಹೊತ್ತಿನ ಶುಕ್ರವಾರ. ಜೆ.ಪಿ. ನಗರದ ಒಂದು ಸೈಕಲ್ ಕ್ಲಬ್ಬಿನವರು ಮೂರು ದಿನದ ಬೆಟ್ಟ ಸೈಕಲ್ ಸ್ಪರ್ಧೆ ಇಟ್ಟಿದ್ದರು. ದಿನವೂ ಜರಗನಹಳ್ಳಿಯಿಂದ ಹೊರಟು, ಕನಕಪುರ ರಸ್ತೆಯ ಆಚೆಯ ಗುಡ್ಡ, ಕಾಡುದಾರಿ, ಕೆರೆ ಏರಿ ಸುತ್ತಿ ಮತ್ತೆ ಅಲ್ಲಿಗೇ ಬರಬೇಕು. ರಾತ್ರಿ ಅವರವರ ಮನೆಯಲ್ಲಿ ಮಲಗಬಹುದು. ಆದರೆ ಒಬ್ಬೊಬ್ಬರೇ ಓಡಿಸುವ ಹಾಗಿಲ್ಲ, ಜೋಡಿಯಾಗಿಯೇ ಹೋಗಬೇಕು. ಇಬ್ಬರೂ ಗೆರೆ ದಾಟಿದಾಗಲೇ ಲೆಕ್ಕ. ಗೆದ್ದ ಮಹಿಳಾ ಜೋಡಿಯನ್ನು ಕ್ಲಬ್ಬಿನವರೇ ಮುಂದಿನ ಬೇಸಿಗೆಯಲ್ಲಿ ಹಿಮಾಚಲದ ಎಂಟು ದಿನದ ರೇಸಿಗೆ ಕಳಿಸುತ್ತಾರೆ. ಆ ರೇಸಿಗೆ ಮೂವತ್ತೆರಡು ದಾಟಿದವರಿಗೆ ಪ್ರವೇಶವಿಲ್ಲ. ಭಾಗ್ಯಜ್ಯೋತಿಗೆ ಮೂವತ್ತೊಂದು.

ಅವಳು ವಿಜಾಪುರದ ಕಡೆಯವಳು. ಆ ಕಡೆ ಸೈಕಲ್ ರೇಸ್ ಅಂದರೆ ಊರಹಬ್ಬದಷ್ಟೇ ದೊಡ್ಡ ಮಾತು. ಹದಿನಾರಕ್ಕೆ ಕ್ರೀಡಾ ಹಾಸ್ಟೆಲ್ ಸೇರಿದ್ದಳು, ಹದಿನೇಳಕ್ಕೆ ರಾಜ್ಯದ ಆಯ್ಕೆಯಲ್ಲಿ ಚೈನ್ ತುಂಡಾಗಿ ಮನೆಗೆ ಬಂದಿದ್ದಳು. ಚೈನ್ ಹಾಕಿದ್ದು ಹಾಸ್ಟೆಲಿನ ಮೆಕ್ಯಾನಿಕ್. ಅವನನ್ನು ಹದಿನಾಲ್ಕು ವರ್ಷದಿಂದ ಬೈದುಕೊಂಡೇ ಬಂದಿದ್ದಳು. ಈಗ ಬಿಟಿಎಂ ಲೇಔಟಿನ ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿದ್ದು, ಜಯನಗರದ ಒಂದು ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ರಕ್ತ ತೆಗೆಯುತ್ತಿದ್ದಳು. ಹಿಮಾಚಲ ಅಂದರೆ ಅವಳಿಗೆ ಹಿಮವೂ ಅಲ್ಲ, ಪ್ರವಾಸವೂ ಅಲ್ಲ. ಎಲ್ಲಿ ನಿಂತುಹೋಗಿತ್ತೋ ಅಲ್ಲಿಂದ ಮತ್ತೆ ಶುರುಮಾಡಲು ಇದ್ದ ಕಟ್ಟಕಡೆಯ ಬಾಗಿಲು.

ಆ ಬಾಗಿಲು ತೆರೆಯಲು ಜೋಡಿ ಬೇಕಿತ್ತು. ಲ್ಯಾಬಿನ ಮುಂದಿನ ಮೇಜಿನಲ್ಲಿ ರಸೀದಿ ಬರೆಯುವ ಇಪ್ಪತ್ತನಾಲ್ಕರ ಸಮನ್ವಿತಾ ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ. "ನಾನ್ ಬರ್ತೀನಿ ಅಕ್ಕ, ಸಖತ್ತಾಗಿರತ್ತೆ" ಅಂದಿದ್ದಳು. ಕಾಲಿನಲ್ಲಿ ಕಸುವೇನೋ ಇತ್ತು, ಹುಟ್ಟಿ ಬೆಳೆದದ್ದು ಹನುಮಂತನಗರದ ಏರುದಾರಿಗಳಲ್ಲಿ. ಆದರೆ ಬಾಯಿ ಮುಚ್ಚುತ್ತಿರಲಿಲ್ಲ. ಜೊತೆಗೆ ಕಂಡಕಂಡದ್ದಕ್ಕೆಲ್ಲ ಬ್ರೇಕ್ ಹಾಕುತ್ತಿದ್ದಳು. ನಾಯಿಗೆ, ಹಸುವಿಗೆ, ಮೋರಿ ಕಲ್ಲಿಗೆ, ಒಮ್ಮೆ ತನ್ನದೇ ನೆರಳಿಗೆ.

ಮೊದಲ ದಿನವೇ ಭಾಗ್ಯಜ್ಯೋತಿಗೆ ಸಾಕುಸಾಕಾಯಿತು. ಗುಡ್ಡದ ಕೆಮ್ಮಣ್ಣು ಮಳೆಗೆ ಅಂಟಾಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತಿತ್ತು. ಹತ್ತು ಮಾರು ತುಳಿಯುವುದು, ಇಳಿದು ಕಡ್ಡಿಯಲ್ಲಿ ಕೆರೆಯುವುದು, ಮತ್ತೆ ಹತ್ತುವುದು. ಸಮನ್ವಿತಾ ಹಿಂದಿನಿಂದ ಒಂದೇ ಸಮ ವರದಿ ಒಪ್ಪಿಸುತ್ತಿದ್ದಳು. "ಅಕ್ಕ, ಇಲ್ಲಿ ಜಾರತ್ತೆ. ಅಕ್ಕ, ಬಲಗಡೆ ಹಳ್ಳ. ಅಕ್ಕ, ನವಿಲು ನೋಡಿ!" ಎರಡನೇ ಗುಡ್ಡದ ಬುಡದಲ್ಲಿ ನೋಡಿದರೆ ಅವಳ ಅಪ್ಪ ಅನಂತರಾಮು, ಮಾರುತಿ ವ್ಯಾನಿನ ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು, ಫ್ಲಾಸ್ಕ್ ಹಿಡಿದು ನಿಂತಿದ್ದಾರೆ.

"ಬನ್ರಮ್ಮ, ಒಂದೊಂದ್ ಲೋಟ ಮೆಣಸಿನ ಸಾರು ಕುಡೀರಿ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ."

"ಅಂಕಲ್, ರೇಸ್ ನಡದೈತಿ ಇಲ್ಲಿ."

"ಅದಕ್ಕೇ ಬಿಸಿಯಾಗಿ ತಂದಿದೀನಿ."

ಸಮನ್ವಿತಾ ಆಗಲೇ ಲೋಟ ಹಿಡಿದು ಊದುತ್ತಿದ್ದಳು. ಅವಳು ಊದಿ ಮುಗಿಸುವ ಹೊತ್ತಿಗೆ ಹಳದಿ ರೇನ್‌ಕೋಟಿನ ನಾಲ್ಕನೇ ನಂಬರಿನ ಜೋಡಿ ಅವರನ್ನು ದಾಟಿಕೊಂಡು ಹೋಯಿತು. ಸಂಜೆ ಫಲಿತಾಂಶದ ಹಲಗೆಯಲ್ಲಿ ಮಹಿಳೆಯರಲ್ಲಿ ಮೊದಲಿದ್ದ ಆ ಹಳದಿ ಜೋಡಿಗಿಂತ ಇವರ ಹದಿನೇಳನೇ ಜೋಡಿ ಮೂರು ನಿಮಿಷ ಹಿಂದಿತ್ತು. ಆ ಮೂರು ನಿಮಿಷವೂ ಸಾರಿನದೇ ಎಂದು ಭಾಗ್ಯಜ್ಯೋತಿ ಬರೆದುಕೊಡಲು ತಯಾರಿದ್ದಳು.

ಸಾಲದ್ದಕ್ಕೆ ಅನಂತರಾಮು ಎರಡೂ ಸೈಕಲ್ಲುಗಳನ್ನು ತಮ್ಮ ವ್ಯಾನಿಗೆ ಏರಿಸಿಕೊಂಡರು. ಮೂರನೇ ಮಹಡಿಯಲ್ಲಿ ಎಲ್ಲಿ ತೊಳೀತೀಯಮ್ಮ, ನಮ್ಮನೆ ಅಂಗಳದಲ್ಲಿ ನಲ್ಲಿ ಇದೆ ಅಂದರು. ಅವಳಿಗೂ ಕೈಕಾಲು ಬಿದ್ದುಹೋಗಿತ್ತು, ಒಪ್ಪಿದಳು. ಶನಿವಾರ ಬೆಳಗ್ಗೆ ಸೈಕಲ್ಲುಗಳು ಮದುಮಕ್ಕಳಂತೆ ತೊಳೆದು ಬಂದವು, ಚೈನು ಫಳಫಳ ಹೊಳೆಯುತ್ತಿತ್ತು. ಮುಟ್ಟಿ ನೋಡಿದಳು. ಮೂಸಿ ನೋಡಿದಳು. ಹರಳೆಣ್ಣೆ!

"ನಮ್ಮ ತಂದೆ ಮೂವತ್ತು ವರ್ಷ ಇದನ್ನೇ ಹಾಕಿದ್ದು ಕಣಮ್ಮ. ಸೈಕಲ್ಲು ಒಂದಿನ ಕಿರ್ ಅಂದಿಲ್ಲ" ಎಂದರು ಅನಂತರಾಮು, ಶಭಾಷ್‌ಗಿರಿಗೆ ಕಾಯುತ್ತ.

ಅವರ ತಂದೆ ಬಸವನಗುಡಿಯ ಡಾಂಬರು ರಸ್ತೆಯಲ್ಲಿ ಆಫೀಸಿಗೆ ಹೋಗಿಬರುತ್ತಿದ್ದವರು. ಗುಡ್ಡದ ಕೆಸರಿಗೆ ಸಿಕ್ಕ ಹರಳೆಣ್ಣೆ ಒಂದು ಗಂಟೆಯೊಳಗೆ ಹಲ್ಲುಚಕ್ರದ ತುಂಬ ಕಪ್ಪು ಲೇಹ್ಯವಾಯಿತು. ಭಾಗ್ಯಜ್ಯೋತಿ ಹಳ್ಳದ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಚೈನ್ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅವಳಿಗೆ ಅಳುವೇ ಬಂತು. ಪಕ್ಕದಲ್ಲಿ ಸಮನ್ವಿತಾ "ಸಾರಿ ಅಕ್ಕ, ಅಪ್ಪಂಗೆ ಗೊತ್ತಾಗಲಿಲ್ಲ" ಎಂದು ಹತ್ತು ಸಲ ಹೇಳಿದಳು. ಹತ್ತು ಸಲವೂ ಭಾಗ್ಯಜ್ಯೋತಿ ತಿರುಗಿ ನೋಡಲಿಲ್ಲ. ಸಂಜೆಗೆ ಮೂರು ನಿಮಿಷ ಎಂಟಾಗಿತ್ತು.

ಆ ಸಂಜೆ ಅವಳು ನೇರ ಮುಖ್ಯ ತೀರ್ಪುಗಾರ ನೀಲಕಂಠಪ್ಪನವರ ಮೇಜಿಗೆ ಹೋದಳು. ನಿವೃತ್ತ ಡ್ರಿಲ್ ಮೇಷ್ಟ್ರು, ನಿಯಮದ ಪುಸ್ತಕ ಬಾಯಿಪಾಠ.

"ಸರ್, ಜೋಡಿಯವರು ಸರಿ ಇಲ್ಲಂದ್ರ ನಾವೇನ್ ಮಾಡ್ಬೇಕ್ರಿ? ನಮ್ಮ ಹಣೇಬರಾನ ಏನು?"

ನೀಲಕಂಠಪ್ಪ ಕನ್ನಡಕ ಏರಿಸಿದರು. "ಹಂಗೇನಿಲ್ಲಮ್ಮ. ಹಿಮಾಚಲಕ್ಕೆ ಒಂದು ಸೀಟು ಬಿಡಿ ಸವಾರರಿಗೆ ಅಂತ ಇಟ್ಟಿದೀವಿ. ಜೋಡಿಯವರ ತಪ್ಪಿಂದಾನೇ ಸೋತ್ರು ಅಂತ ಆದ್ರೆ ಅಂಥವರಿಗೆ ಕೊಡಬಹುದು. ಆದ್ರೆ ಕಾರಣ ಬರೆದು ಇಬ್ರೂ ಸಹಿ ಹಾಕ್ಬೇಕು. ನನ್ನದೇ ತಪ್ಪು ಅಂತ ಯಾರ್ ಸಹಿ ಹಾಕ್ತಾರೆ ಹೇಳಿ?"

ತಿರುಗಿದಾಗ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಸಮನ್ವಿತಾ ನಿಂತಿದ್ದಳು. ಕೇಳಿಸಿಕೊಂಡಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು. ಕೇಳಿಸಿಕೊಳ್ಳಲಿ ಬಿಡು ಎಂದುಕೊಂಡಳು ಭಾಗ್ಯಜ್ಯೋತಿ. ಆದರೂ ಬಿಟಿಎಂ ಬಸ್ಸಿನಲ್ಲಿ ಕೂತ ಮೇಲೆ ಮನಸ್ಸಿಗೆ ಅಷ್ಟು ಹಿತವೆನಿಸಲಿಲ್ಲ.

ಭಾನುವಾರ ಆಯುಧಪೂಜೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಕೊನೆಯ ದಿನ ಹಿಂದಿದ್ದವರನ್ನು ಅಷ್ಟೇ ನಿಮಿಷ ತಡವಾಗಿ ಬಿಡುತ್ತಾರೆ. ಹಾಗಾಗಿ ಮೊದಲು ಗೆರೆ ದಾಟಿದವರೇ ಗೆದ್ದವರು. ಹಳದಿ ಜೋಡಿ ಹೊರಟು ಎಂಟು ನಿಮಿಷವಾದ ಮೇಲೆ ಇವರು ಹೊರಟರು.

ಅಂದು ಸಮನ್ವಿತಾ ಬೇರೆಯೇ ಹುಡುಗಿಯಾಗಿದ್ದಳು. ನವಿಲಿಲ್ಲ, ಹಳ್ಳವಿಲ್ಲ, ಮಾತೇ ಇಲ್ಲ. ತಲೆ ತಗ್ಗಿಸಿ ತುಳಿದಳು. ಮೊದಲ ಗುಡ್ಡದಲ್ಲಿ ಭಾಗ್ಯಜ್ಯೋತಿಯೇ ಹಿಂದೆ ಬಿದ್ದಳು. ಅಪ್ಪನ ವ್ಯಾನ್ ಕಂಡರೂ ನಿಲ್ಲಲಿಲ್ಲ, ಅನಂತರಾಮು ಚಾಚಿದ ಲೋಟ ಚಾಚಿದಂತೆಯೇ ಉಳಿಯಿತು. ನಾನು ಅಂದದ್ದು ನಾಟಿದೆ, ಎರಡು ದಿನ ಮೊದಲೇ ಅನ್ನಬೇಕಿತ್ತು ಎಂದುಕೊಂಡಳು ಭಾಗ್ಯಜ್ಯೋತಿ. ಮೂರನೇ ಗುಡ್ಡದ ಇಳಿಜಾರಿನಲ್ಲಿ ಹಳದಿ ಜೋಡಿ ಪಂಕ್ಚರ್ ಹಾಕುತ್ತ ಕೂತಿತ್ತು. ಇಬ್ಬರೂ ಅವರನ್ನು ದಾಟಿದರು. ಕನಕಪುರ ರಸ್ತೆಯ ಡಾಂಬರು ಸಿಕ್ಕಾಗ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಇನ್ನು ಎರಡು ಕಿಲೋಮೀಟರ್. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಗೆಲುವು ಕೈಗೆ ಸಿಗುವಷ್ಟು ದೂರದಲ್ಲಿತ್ತು.

ಆಗ ಸಮನ್ವಿತಾ ಬ್ರೇಕ್ ಹಾಕಿದಳು.

ಗುಡ್ಡದಲ್ಲಿ ಅಲ್ಲ, ಕೆಸರಿನಲ್ಲಿ ಅಲ್ಲ. ನುಣುಪಾದ, ಅಗಲವಾದ, ಸರ್ಕಾರಿ ಡಾಂಬರು ರಸ್ತೆಯಲ್ಲಿ! ಎರಡೂ ಕಡೆ ಗ್ಯಾರೇಜು, ಆಟೋ ಸ್ಟ್ಯಾಂಡು, ವೆಲ್ಡಿಂಗ್ ಅಂಗಡಿ. ಬಾಳೆಕಂದು ಕಟ್ಟಿಕೊಂಡ ಆಟೋಗಳು, ಕುಂಕುಮ ಬಳಿದ ಲೇತ್ ಮಿಷನ್ನುಗಳು, ಮಂಗಳಾರತಿ, ಗಂಟೆ. ಸಮನ್ವಿತಾ ಅತ್ತಿತ್ತ ಹಾವಿನಂತೆ ಹೊರಳುತ್ತ ಮೆಲ್ಲಗೆ ಹೋಗುತ್ತಿದ್ದಳು. ಮೂರು ದಿನ ತಡೆದಿಟ್ಟುಕೊಂಡದ್ದೆಲ್ಲ ಭಾಗ್ಯಜ್ಯೋತಿಯ ನೆತ್ತಿಗೇರಿತು.

"ಏ, ಏನ್ ಮೆರವಣಿಗಿ ಹೊಂಟೀಯೇನ? ತುಳಿ!"

"ಅಕ್ಕ, ಕುಂಬಳಕಾಯಿ! ನಿಧಾನ, ರಸ್ತೆ ತುಂಬ ಕುಂಬಳಕಾಯಿ ಇದೆ!"

"ಬಾಯ್ ಮುಚ್ಚು!" ಎಂದು ಕೂಗಿ ಭಾಗ್ಯಜ್ಯೋತಿ ಸೀಟಿನಿಂದ ಎದ್ದು ಜೋರಾಗಿ ತುಳಿದು ಮುಂದೆ ಹೋದಳು.

ಬೆಂಗಳೂರಿನ ಈ ಕಡೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ ಇದು. ಆಯುಧಪೂಜೆಯ ದಿನ ಪ್ರತಿ ಅಂಗಡಿಯವರೂ ದೃಷ್ಟಿ ತೆಗೆಯಲು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುತ್ತಾರೆ. ಅದರ ತಿರುಳಿನ ಮೇಲೆ ಮಳೆ ಬಿದ್ದರೆ ಸೋಪು ಹಚ್ಚಿದ ಬಚ್ಚಲುಕಲ್ಲು ಕೂಡ ಅಷ್ಟು ಜಾರುವುದಿಲ್ಲ. ಸ್ಕೂಟರಿನವರೆಲ್ಲ ಅಂದು ಕಾಲು ಚಾಚಿಕೊಂಡೇ ಹೋಗುತ್ತಾರೆ. ಭಾಗ್ಯಜ್ಯೋತಿಯ ಊರಿನಲ್ಲಿ ತೆಂಗಿನಕಾಯಿ ಒಡೆಯುತ್ತಾರೆ, ಬನ್ನಿ ಹಂಚುತ್ತಾರೆ. ಬೆಂಗಳೂರಿಗೆ ಬಂದು ನಾಲ್ಕು ವರ್ಷವಾದರೂ ಪ್ರತಿ ದಸರೆಗೂ ಅವಳು ಊರಿಗೆ ಹೋಗಿಬಿಡುತ್ತಿದ್ದಳು. ಈ ರಸ್ತೆಯನ್ನು ಈ ದಿನ ಅವಳು ನೋಡಿಯೇ ಇರಲಿಲ್ಲ.

ಮುಂದಿನ ಚಕ್ರ ಯಾವುದೋ ವೆಲ್ಡಿಂಗ್ ಅಂಗಡಿಯ ಕುಂಬಳಕಾಯಿಯ ಮೇಲೆ ಹೋಯಿತು. ಆಮೇಲೆ ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಬಲ ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಎದ್ದು ಕೂತಾಗ ಮೈಮೇಲೆಲ್ಲ ಕೆಂಪು. ರಕ್ತವೆಂದುಕೊಂಡು ಮುಟ್ಟಿದರೆ ಕುಂಕುಮ. ಅಂಗಡಿಯ ಯಲ್ಲಯ್ಯ ಎಂಬಾತ ಓಡಿಬಂದು ಎತ್ತಿ ಕೂರಿಸಿದ. "ಅಕ್ಕ, ದೊಡ್ಡದ್ರಲ್ಲಿ ಹೋಗೋದು ಚಿಕ್ಕದ್ರಲ್ಲಿ ಹೋಯ್ತು ಬಿಡಿ" ಎಂದು ಸಮಾಧಾನ ಹೇಳಿದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಕೈ ಏಳಲಿಲ್ಲ.

ಮುಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಗಿತ್ತು. ತಮ್ಮ ಸೈಕಲ್ ತಾವೇ ದಾಟಿಸಬೇಕೆಂಬುದು ನಿಯಮ. ಎಡಗೈಯಲ್ಲಿ ಹ್ಯಾಂಡಲ್ ಎತ್ತಿ ಹಿಡಿದು, ಹಿಂದಿನ ಚಕ್ರದ ಮೇಲೆ ಉರುಳಿಸುತ್ತ ನಡೆದಳು. ಪಕ್ಕದಲ್ಲಿ ಸಮನ್ವಿತಾ ತನ್ನ ಸೈಕಲ್ ತಳ್ಳಿಕೊಂಡು ನಡೆದಳು. ಮೈದಾನದ ಗೇಟಿನ ಹತ್ತಿರ ಹಳದಿ ರೇನ್‌ಕೋಟುಗಳು ಹಾದುಹೋದವು. ಅದರಲ್ಲಿ ಒಬ್ಬಳು ತಿರುಗಿ "ಸಾರಿ" ಅಂದಳು. ಇವರು ಗೆರೆ ದಾಟಿದಾಗ ಅವರು ಆಗಲೇ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಟೆಂಟಿನಲ್ಲಿ ಯಾರೋ ಭಾಗ್ಯಜ್ಯೋತಿಯ ಕೈಗೆ ರಟ್ಟು ಕಟ್ಟಿದರು. ನೀಲಕಂಠಪ್ಪ ಫಾರಂ ಹಿಡಿದು ಬಂದರು. "ಇಷ್ಟು ಮುಂದಿದ್ದೋರು ಹೆಂಗಮ್ಮ ಬಿದ್ರಿ?"

ಭಾಗ್ಯಜ್ಯೋತಿ ಬಾಯಿ ತೆರೆಯುವ ಮೊದಲೇ ಸಮನ್ವಿತಾ ಶುರುಮಾಡಿದಳು. "ನನ್ನಿಂದ ಸಾರ್. ನಾನ್ ಸಡನ್ನಾಗಿ ಬ್ರೇಕ್ ಹಾಕ್ದೆ. ಅಕ್ಕ ನಂಗೆ ಗುದ್ದಿ ಬಿದ್ರು. ಬರ್ಕೊಳ್ಳಿ, ಸಹಿ ಹಾಕ್ತೀನಿ."

ನೀಲಕಂಠಪ್ಪ ಬರೆದುಕೊಂಡರು. ಸಮನ್ವಿತಾ ಸಹಿ ಹಾಕಿದಳು. ಫಾರಂ ಭಾಗ್ಯಜ್ಯೋತಿಯ ತೊಡೆಯ ಮೇಲೆ ಬಂತು, ಪೆನ್ನೂ ಬಂತು. ಓದಿದಳು: ಜೋಡಿಯವರ ಅಜಾಗರೂಕತೆ. ಮೂರು ದಿನದಿಂದ ಅವಳು ಒಳಗೊಳಗೇ ಬರೆದಿಟ್ಟುಕೊಂಡಿದ್ದ ಮಾತೇ ಅದು. ಈಗ ನೀಟಾಗಿ, ದುಂಡಗಿನ ಅಕ್ಷರದಲ್ಲಿ, ಹಿಮಾಚಲದ ಸೀಟಿನ ಸಮೇತ ಮಡಿಲಿಗೆ ಬಂದುಬಿದ್ದಿತ್ತು. ಒಂದು ಸಹಿ ಸಾಕಿತ್ತು. ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದಳು ಕೂಡ. ಸಮನ್ವಿತಾ ಅವಳ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆ ಬರೆದುಕೊಟ್ಟ ಹುಡುಗಿಯ ಹಾಗೆ.

ಭಾಗ್ಯಜ್ಯೋತಿಗೆ ಕೋಪ ಬಂತು. ಈ ಮೂರು ದಿನದಲ್ಲಿ ಬಾರದಷ್ಟು ಬಂತು.

"ನೀ ಹೇಳಿದ್ದಿ. ನಿಧಾನ ಅಂತ ಒದರಿದ್ದಿ. ನಾ ಕೇಳಲಿಲ್ಲ."

"ಪರವಾಗಿಲ್ಲ ಅಕ್ಕ, ಹಾಕ್ಬಿಡಿ. ನಂಗೇನ್ ಹಿಮಾಚಲ..."

"ಸುಮ್ಮನಿರ! ಎಲ್ಲಾದ್ರಾಗೂ ನಿನ್ನ ಮಾತಽ ಆಗ್ಬೇಕಾ? ನಾ ಹುಟ್ಟಿದಾಗಿಂದ ಇದೊಂದ ತಪ್ಪು ನಾ ಸ್ವಂತ ಮಾಡೀನಿ. ಅದನ್ನೂ ನೀ ಕಸ್ಕೋಬ್ಯಾಡ."

ಬರೆದಿದ್ದ ಸಾಲನ್ನು ಎಡಗೈಯಲ್ಲಿ ಹೊಡೆದುಹಾಕಿದಳು. ಅದರ ಕೆಳಗೆ, ಸ್ಲೇಟು ಹಿಡಿದ ಮಗುವಿನಂತೆ ಸೊಟ್ಟಸೊಟ್ಟಗೆ, "ನಾನೇ ಬಿದ್ದೆ" ಎಂದು ಬರೆದು ಫಾರಂ ವಾಪಸು ಕೊಟ್ಟಳು. ನೀಲಕಂಠಪ್ಪ ಅದನ್ನು ಎರಡು ಸಲ ಓದಿ, ಇದರ ಮೇಲೆ ಸೀಟು ಕೊಡಲು ಬರುವುದಿಲ್ಲ ಎಂದರು. ಗೊತ್ತೈತ್ರಿ ಅಂದಳು ಭಾಗ್ಯಜ್ಯೋತಿ. ಆಮೇಲೆ ತಲೆ ತಗ್ಗಿಸಿ, ಯಾರಿಗೂ ಕಾಯದೆ, ಜೋರಾಗಿ ಅತ್ತಳು.