ಪೂಜೆಗೆ ಇಟ್ಟ ವೈರು

ಶಿವಕಾಂತಾ ಕುಕ್ಕರಗಾಲಲ್ಲಿ ಕೂತು ಸ್ಪೀಕರಿನ ಹಿಂದಿನ ಧೂಳು ಒರೆಸುತ್ತಿದ್ದಳು. ಗಂಡ ಸಿದ್ದಾರೂಢ ಸದಾಶಿವ ಪೇಠದ ಬಟ್ಟೆ ಅಂಗಡಿಯ ಪೂಜೆ ಮುಗಿಸಿ ಬರುವುದರೊಳಗೆ ಮನೆಯ ಖಂಡೆಪೂಜೆಗೆ, ಆಯುಧಪೂಜೆಗೆ, ಎಲ್ಲ ಸಜ್ಜಾಗಬೇಕಿತ್ತು. ಹೊಲಿಗೆ ಯಂತ್ರ, ಈಳಿಗೆ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ವಿಭೂತಿ ಹಚ್ಚಿ ಆಗಿತ್ತು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಸ್ಪೀಕರಿಗೆ ಹಾಕಿದ ಹಾವಿನ ಗಾತ್ರದ ಹೊಸ ವೈರು ಕಪಾಟಿನ ಹಿಂದೆ ಪುಟ್ಟ ಕಟ್ಟಿಗೆ ಮಣೆಗಳ ಮೇಲೆ ಮಲಗಿತ್ತು. ನೆಲ ಮುಟ್ಟಿದರೆ ಹಾಡು ಮಂಕಾಗುತ್ತದೆಂದು ಸಿದ್ದಾರೂಢ ಹೇಳುತ್ತಿದ್ದ. ಅದನ್ನು ತಂದ ದಿನ ಹೆಂಡತಿಯನ್ನು ಎದುರಿಗೆ ಕೂರಿಸಿ, ಹೆಂಗ ಕೇಳಸ್ತದ ಎಂದು ಆಸೆಯಿಂದ ಕೇಳಿದ್ದ. ಹಳೆಯದೂ ಹೊಸದೂ ಎರಡೂ ಒಂದೇ ಅನಿಸುತ್ತದೆ ಎಂದಿದ್ದಳು ಅವಳು. ಅಂದಿನಿಂದ ಅವನು ಅವಳನ್ನು ಕೇಳುವುದನ್ನೇ ಬಿಟ್ಟ. ಈಗ ಕೇಳುವುದೆಲ್ಲ ತನ್ನ ತಮ್ಮ ಶ್ಯಾಮನ ಹೆಂಡತಿ ರಂಜನಾಳನ್ನು. ಅವಳು ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದವಳು. ಶಿವಕಾಂತಾ ಏಳನೆಯ ತರಗತಿಗೇ ಶಾಲೆ ಬಿಟ್ಟವಳು.

ಗಂಡ ಇಷ್ಟು ಜೋಪಾನ ಮಾಡುವ ಸಾಮಾನು ಪೂಜೆಯಿಂದ ಹೊರಗುಳಿಯುವುದು ಸರಿಯಲ್ಲ ಎನ್ನಿಸಿತು ಅವಳಿಗೆ. ಒಂದು ದಿನವಾದರೂ ಅದು ಸುಮ್ಮನೆ ಬಿದ್ದಿರಲಿ ಎಂಬ ಆಸೆಯೂ ಇರಲಿಲ್ಲವೆಂದಲ್ಲ. ತಿರುಪು ಸಡಿಲಿಸಿ ವೈರು ಬಿಚ್ಚಿದಳು, ಸುರುಳಿ ಸುತ್ತಿ ದೇವರ ಮುಂದಿಟ್ಟು ಚೆಂಡುಹೂ ಏರಿಸಿದಳು. ಹಬ್ಬದ ದಿನ ಮನೆ ಮೂಕವಾಗಬಾರದೆಂದು ಅಟ್ಟದ ಮೇಲಿದ್ದ ಹಳೆಯ ಕೆಂಪು-ಕಪ್ಪು ವೈರು ತಂದು ಸಿಕ್ಕಿಸಿದಳು. ಅವನು ಮಾಡುವುದನ್ನು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದಳು.

ಮಧ್ಯಾಹ್ನ ಗಂಡ, ಶ್ಯಾಮ, ರಂಜನಾ ಮೂವರೂ ಒಟ್ಟಿಗೇ ಬಂದರು. ಗಂಡನಿಗೆ ಹೇಳಬೇಕೆಂದು ಅವಳು ತುಪ್ಪದ ಗಿಂಡಿ ಹಿಡಿದೇ ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಅವನು ರಂಜನಾಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಹಾಡು ಹಚ್ಚಿಬಿಟ್ಟಿದ್ದ. ತಂಬೂರಿಯ ಮೇಲೆ ಒಬ್ಬ ಹೆಂಗಸಿನ ಆಲಾಪ ಏಳುತ್ತಿತ್ತು. ಅಣ್ಣನ ವೈರು ಭಾಳ ಮಡಿ, ನೆಲಕ್ಕ ಕಾಲಿಡಂಗಿಲ್ಲ ಎಂದು ಶ್ಯಾಮ ಚೇಷ್ಟೆ ಮಾಡಿದ. ಯಾರೂ ನಗಲಿಲ್ಲ.

ರಂಜನಾ ಕಣ್ಣು ಮುಚ್ಚಿ ಕೇಳಿದಳು. ಸಿದ್ದಾರೂಢ ಅವಳ ಮುಖವನ್ನೇ ನೋಡುತ್ತಿದ್ದ, ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ.

"ಪರದೆ ಸರಿಸಿದಂಗ ಅದ ಭಾವೋಜಿ," ಎಂದಳು ಅವಳು. "ಉಸಿರು ತಗೊಳ್ಳೋದೂ ಕೇಳಸ್ತದ. ಹಳೇ ವೈರಿನಾಗ ಇದು ಎಲ್ಲಿತ್ತು?"

ಸಿದ್ದಾರೂಢನ ಮುಖ ಅರಳಿತು. ಮದುವೆಯಾದ ಹೊಸತರಲ್ಲಿ ತನ್ನ ಕೈಯ ಮೊದಲ ಹೋಳಿಗೆ ತಿಂದಾಗ ಆ ಮುಖ ಹೀಗೆ ಅರಳಿದ್ದನ್ನು ಶಿವಕಾಂತಾ ಕಂಡಿದ್ದಳು. ಹೇಳುವುದೋ ಬಿಡುವುದೋ ಎಂದು ಅಳುಕುತ್ತಿದ್ದ ಮಾತು ತಾನಾಗಿಯೇ ಹೊರಬಿತ್ತು.

"ಅದು ಹಳೇದ ಅದರಿ. ಹೊಸಾದು ದೇವರ ಮನ್ಯಾಗ ಅದ, ಪೂಜಾಕ್ಕ ಇಟ್ಟೀನಿ."

ಶ್ಯಾಮ ಹೊಟ್ಟೆ ಹಿಡಿದು ನಕ್ಕ. ರಂಜನಾಳ ಕಿವಿ ಕೆಂಪಾದವು. ಸಿದ್ದಾರೂಢ ಹಾಡು ನಿಲ್ಲಿಸಿ, ಮಂಡಿಯೂರಿ ಕಪಾಟಿನ ಹಿಂದೆ ಇಣುಕಿದ. ಈಗ ಗಂಡ ಹಣೆ ಬಡಿದುಕೊಂಡು ನಗುತ್ತಾನೆ, ನಿನ್ನ ಕಿವೀನೇ ಖರೆ ಆತಲ್ಲ ಎನ್ನುತ್ತಾನೆ ಎಂದು ಶಿವಕಾಂತಾ ಕಾದು ನಿಂತಳು.

ಅವನು ಬಹಳ ಹೊತ್ತು ಆ ವೈರನ್ನು ಬೆರಳಲ್ಲಿ ಸವರಿದ.

"ಇಷ್ಟು ವರ್ಷ ಹಾಡಿ ಹಾಡಿ ಇದು ಹದಕ್ಕ ಬಂದದ," ಎಂದ ಕೊನೆಗೆ, ತಲೆಯೆತ್ತದೆ. "ಹೊಸಾದು ಇನ್ನೂ ಕಚ್ಚಾ. ನೋಡು ರಂಜನಾ, ನಿನ್ನ ಕಿವಿ ಎಷ್ಟು ಸೂಕ್ಷ್ಮ. ಹೆಸರು ತಪ್ಪಿದಿ, ನಾದ ತಪ್ಪಲಿಲ್ಲ."

ರಂಜನಾ ಹೋದ ಜೀವ ಬಂದವಳಂತೆ ಕುರ್ಚಿಯಿಂದಿಳಿದು ಅವನ ಪಕ್ಕದಲ್ಲಿ ಕೂತಳು. ತನಗೂ ಅದೇ ಅನ್ನಿಸಿತ್ತು, ದನಿಯಲ್ಲಿ ಒಂದು ಮಾಗಿದ ಗುಣ ಇತ್ತು ಎಂದಳು. ಹಳೆಯದಕ್ಕೂ ಮಣೆ ಕೊಟ್ಟರೆ ಹೇಗೆ ಎಂದು ಕೇಳಿದಳು. ಅವಳು ವೈರು ಎತ್ತಿ ಹಿಡಿದಳು, ಸಿದ್ದಾರೂಢ ಮಣೆ ಸರಿಸಿದ. ಶ್ಯಾಮ ಆಕಳಿಸುತ್ತ ಮೊಬೈಲು ತೆಗೆದ.

ಶಿವಕಾಂತಾ ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕಪಾಟಿನ ಹಿಂದೆ ಎರಡು ತಲೆಗಳು ಹತ್ತಿರ ಹತ್ತಿರ ಬಾಗಿದ್ದವು.

"ರೀ," ಎಂದಳು ರಂಜನಾ ಬಿಟ್ಟ ನಡುವಿನ ಕುರ್ಚಿಯಲ್ಲಿ ಕೂರುತ್ತ, "ಆ ಹಾಡು ಇನ್ನೊಮ್ಮೆ ಹಚ್ಚರಿ. ನಾನೂ ಕೂತು ಕೇಳ್ತೀನಿ."